ಬಳಗಾನೂರಿನ ಆಹ್ವಾನಿತ ತಂಡ

ಹಲ್, ಇಂಗ್ಲೆಂಡ್
14 ಅಕ್ಟೋಬರ್ 2023

ಹನುಮಂತರಾಯ ಸರ್ ಅವರಿಗೆ ಶೈಲಜಾಳ ನಮಸ್ಕಾರಗಳು.

ನಿವೃತ್ತಿಯಾದ ಮೇಲೆ ನೀವು ಮಸ್ಕಿಯ ಮನೆಗೆ ಬಂದಿದ್ದೀರಿ, ಕಿವಿ ಪೂರ್ತಿ ಹೋಗಿದೆ, ಯಾರ ಫೋನನ್ನೂ ಎತ್ತುವುದಿಲ್ಲ ಎಂದು ಅಪ್ಪ ಹೇಳಿದರು. ಅದಕ್ಕೇ ಈ ಕಾಗದ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ನೀವು ಕಬಡ್ಡಿ ಕಲಿಸಿದ ಹುಡುಗಿಯರಲ್ಲಿ ಎಡಗಡೆ ಮೂಲೆ ಹಿಡಿಯುತ್ತಿದ್ದವಳು ನಾನು. ಬಟ್ಟೆ ಅಂಗಡಿ ಶಿವಕಾಂತರ ಮಗಳು. ಈಗ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ.

ಈ ಊರಿನವರಿಗೆ ಒಂದು ಹುಚ್ಚು ಇದೆ ಸರ್. ರಗ್ಬಿ ಲೀಗ್. ಹದಿಮೂರು ಮಂದಿಯ ಆಟ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡಬೇಕು, ಎದುರಿನವರು ಹಿಡಿದು ಕೆಡವುತ್ತಾರೆ. ಬಿದ್ದವಳು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸಿ ಮತ್ತೆ ಆಡಬೇಕು. ಹೀಗೆ ಆರು ಸಲ ಹಿಡಿತಕ್ಕೆ ಸಿಕ್ಕರೆ ಚೆಂಡು ಎದುರಾಳಿಗೆ. ಕೈಯಿಂದ ಎಸೆಯುವುದು ಹಿಂದಕ್ಕೆ ಮಾತ್ರ, ಮುಂದಕ್ಕಿಲ್ಲ. ಮೊದಲ ದಿನ ನೋಡಿದಾಗಲೇ ಅನ್ನಿಸಿತು, ಇಲ್ಲಿ ಅರ್ಧ ಆಟ ನಮ್ಮ ಕಬಡ್ಡಿಯ ಹಿಡಿತವೇ.

ಆದರೆ ಈ ಊರಿನಿಂದ ಮೂರು ಗಂಟೆ ರೈಲಿನಲ್ಲಿ ಹೋದರೆ ಇದರ ಹೆಸರೇ ಯಾರಿಗೂ ಗೊತ್ತಿಲ್ಲ. ಲಂಡನ್ನಿನಿಂದ ಬಂದ ನಮ್ಮ ಡಾಕ್ಟರು ಹದಿನೈದು ಮಂದಿಯ ಇನ್ನೊಂದು ರಗ್ಬಿಯೇ ರಗ್ಬಿ ಅಂತಾರೆ. ನನ್ನ ವಾರ್ಡಿಗೆ ಬಂದಿದ್ದ ಡೊರೀನ್ ಎಂಬ ಅಜ್ಜಿಗೆ ಇದೇ ಕೊರಗು. ಎಪ್ಪತ್ತೊಂದು ವರ್ಷ. ಈ ಆಟವನ್ನು ಹೊಸ ದೇಶಗಳಿಗೆ ಮುಟ್ಟಿಸುವ ಒಂದು ಚಿಕ್ಕ ಸಮಿತಿಯಲ್ಲಿದ್ದಾಳೆ. ನಿಮ್ಮ ಬಗ್ಗೆ ಹೇಳಿದೆ. ಮರುದಿನವೇ ಒಂದು ಚೆಂಡು ತಂದು ನನ್ನ ಮಡಿಲಲ್ಲಿಟ್ಟಳು. ರಜೆಗೆ ರಾಯಚೂರಿಗೆ ಹೊರಟಿರುವ ಗೆಳತಿಯ ಕೈಯಲ್ಲಿ ಕಳಿಸಿದ್ದೇನೆ. ನೋಡಿ, ಯಾರಾದರೂ ಹುಡುಗಿಯರು ಆಡುತ್ತಾರೇನೋ.

ನಿಮ್ಮ ಶೈಲಜಾ


ಮಸ್ಕಿ
9 ನವೆಂಬರ್ 2023

ಚಿ. ಶೈಲಜಾಳಿಗೆ ಆಶೀರ್ವಾದಗಳು.

ಚೆಂಡು ತಲುಪಿತು. ನನ್ನ ಹೆಂಡತಿ ಕಲ್ಯಾಣಮ್ಮ ನೋಡಿ, "ಇದೇನ್ರಿ, ಕಲ್ಲಂಗಡಿ ಒಣಗಿಸ್ಯಾರ ಏನು?" ಎಂದು ನಕ್ಕಳು. ಅವಳ ತುಟಿ ನೋಡಿ ಓದುವುದು ನನಗೀಗ ರೂಢಿಯಾಗಿದೆ. ಬೇರೆಯವರ ಮಾತು ಅರ್ಧ ಗೊತ್ತಾಗುತ್ತದೆ, ಅರ್ಧ ಊಹೆ. ಎರಡು ವರ್ಷದಿಂದ ಮೈದಾನದ ಕಡೆ ಹೋಗಿರಲಿಲ್ಲ. ಸೀಟಿಯ ಸದ್ದೇ ಕೇಳದವನು ಅಲ್ಲಿ ಹೋಗಿ ಏನು ಮಾಡಲಿ?

ಬಳಗಾನೂರಿನಲ್ಲಿ ಹನ್ನೆರಡು ಹುಡುಗಿಯರು ಕಬಡ್ಡಿ ಆಡುತ್ತಾರೆಂದು ಗೊತ್ತಿತ್ತು. ಚೆಂಡು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮೊದಲ ಅರ್ಧ ಗಂಟೆ ಬರೀ ನಗು. ಮುಂದೆ ಓಡುತ್ತಾ ಹಿಂದಕ್ಕೆ ಎಸೆಯಿರಿ ಎಂದರೆ ಎಲ್ಲರೂ ಮುಂದಕ್ಕೇ ಎಸೆದರು. ಹುಸೇನಮ್ಮ ಎಂಬುವಳು ಮಾತ್ರ ಚೆಂಡನ್ನು ಕೊಡಲೇ ಇಲ್ಲ. ಎದೆಗವಚಿಕೊಂಡು ನಾಲ್ಕು ಮಂದಿಯನ್ನು ಎಳೆದುಕೊಂಡೇ ಗೆರೆ ದಾಟಿದಳು. ಯಾಕೆ ಕೊಡಲಿಲ್ಲ ಎಂದು ಕೇಳಿದೆ.

"ಹಿಂದ ಇದ್ದಾಕಿ ನನ್ನಷ್ಟು ಜೋರು ಓಡಂಗಿಲ್ಲಲ್ರಿ ಸರ. ಆಕಿಗ್ಯಾಕ ಕೊಡ್ಲಿ?"

ಹದಿನೆಂಟು ತುಂಬಿ ಹತ್ತೊಂಬತ್ತು ನಡೆಯುತ್ತಿದೆ. ಅಪ್ಪ ಅಂಬಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಪೊಲೀಸ್ ಆಗಬೇಕೆಂದು ಹುಡುಗಿಗೆ ಆಸೆ. ಕ್ರೀಡಾ ಕೋಟಾದಲ್ಲಿ ಸಿಕ್ಕೀತೆಂದು ಕಬಡ್ಡಿ ಹಿಡಿದಿದ್ದಾಳೆ. ಇಂಥ ಓಟವನ್ನು ನಾನು ಮೂವತ್ತೊಂದು ವರ್ಷದ ನೌಕರಿಯಲ್ಲಿ ನೋಡಿಲ್ಲ. ನಿನ್ನ ಡೊರೀನ್ ಅಜ್ಜಿಗೆ ಹೇಳು.

ಹನುಮಂತರಾಯ


ಹಲ್
3 ಡಿಸೆಂಬರ್ 2023

ಸರ್,

ನಿಮ್ಮ ಕಾಗದವನ್ನು ಡೊರೀನ್‌ಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ನಾಲ್ಕು ಮಂದಿಯನ್ನು ಎಳೆದುಕೊಂಡು ಹೋದ ಕಡೆ ಮತ್ತೊಮ್ಮೆ ಓದಿಸಿಕೊಂಡಳು.

ಅವಳ ಮನೆಗೆ ಹೋಗಿದ್ದೆ. ಅಂತರರಾಷ್ಟ್ರೀಯ ಸಮಿತಿ ಎಂದರೆ ಯಾವುದೋ ದೊಡ್ಡ ಕಚೇರಿ ಎಂದುಕೊಂಡಿದ್ದೆ. ನೋಡಿದರೆ ಅವಳ ಅಡಿಗೆಮನೆ ಸರ್. ಮೂರೇ ಜನ. ಒಂದು ಕಪಾಟಿನ ತುಂಬ ಹಳೆಯ ಅಂಗಿಗಳು, ಗಾಳಿ ಇಳಿದ ಚೆಂಡುಗಳು, ಗೋಡೆಯ ಮೇಲೆ ಗುಂಡುಸೂಜಿ ಚುಚ್ಚಿದ ಭೂಪಟ. ಮಸ್ಕಿ ಎಲ್ಲಿದೆ ಎಂದು ಕೇಳಿ ಅಲ್ಲೊಂದು ಸೂಜಿ ಚುಚ್ಚಿದಳು.

ಮುಖ್ಯ ವಿಷಯ. ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಹೊಸ ದೇಶಗಳ ಹೆಂಗಸರಿಗೆ ಒಂದು ಪಂದ್ಯಾವಳಿ ನಡೆಸುವ ಯೋಚನೆ ಇದೆ. ಒಂಬತ್ತು ಮಂದಿಯ ಚಿಕ್ಕ ರೂಪ. ನಿಮ್ಮ ಹುಡುಗಿಯರನ್ನು ಆಹ್ವಾನಿತ ತಂಡವಾಗಿ ಕರೆಯುವ ಸಾಧ್ಯತೆ ಇದೆ ಎಂದು ಡೊರೀನ್ ಹೇಳುತ್ತಾಳೆ. ದೇಶದ ತಂಡ ಎಂದು ಆಡಲು ಬೇರೆ ಅನುಮತಿಗಳು ಬೇಕು, ಅದು ಈಗ ಆಗುವ ಮಾತಲ್ಲ. ಹೋಗಿಬರುವ ವ್ಯವಸ್ಥೆ ಸಮಿತಿಯದು.

ಒಂದು ವಿನಂತಿ. ಈ ಆಟದ ಪ್ರಮಾಣಪತ್ರ ನೌಕರಿಯ ಕೋಟಾಕ್ಕೆ ನಡೆಯುತ್ತದೋ ಇಲ್ಲವೋ, ಹುಡುಗಿಯರಿಗೆ ಹೇಳುವ ಮೊದಲು ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿ. ನನಗೆ ಇಲ್ಲಿಂದ ತಿಳಿಯುವುದಿಲ್ಲ.

ಶೈಲಜಾ


ಮಸ್ಕಿ
28 ಡಿಸೆಂಬರ್ 2023

ಚಿ. ಶೈಲಜಾ,

ನಿನ್ನ ಕಾಗದವನ್ನು ಕಲ್ಯಾಣಮ್ಮನಿಗೆ ಮೂರು ಸಲ ಓದಿ ಹೇಳಿದೆ. ಬ್ಯಾಂಕಾಕ್! ನಮ್ಮ ಹುಡುಗಿಯರಲ್ಲಿ ಅರ್ಧ ಮಂದಿ ರಾಯಚೂರನ್ನೇ ನೋಡಿಲ್ಲ.

ಮೈದಾನದ ಚಿಂತೆಯೂ ತೀರಿತು. ಈ ಸಲ ಡ್ಯಾಮಿನಲ್ಲಿ ನೀರಿಲ್ಲ, ಎರಡನೇ ಬೆಳೆಗೆ ಕಾಲುವೆ ಬಿಡುವುದಿಲ್ಲ ಎಂದು ಸಾರಿದ್ದಾರೆ. ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿರುವಾಗ ನಾನು ಖುಷಿಪಟ್ಟೆ ಎಂದರೆ ಪಾಪ ಬಂದೀತು. ಬಳಗಾನೂರಿನ ಪಕ್ಕದ ಕ್ಯಾಂಪಿನ ಗೋಪಣ್ಣನ ಮನೆಗೆ ಹೋಗಿ ಗದ್ದೆ ಕೇಳಿದೆ. ಅವರು ತೆಲುಗು ಮಂದಿ, ಕಾಲುವೆ ಬಂದ ಕಾಲದಲ್ಲಿ ಬಂದು ಕ್ಯಾಂಪ್ ಕಟ್ಟಿಕೊಂಡು ನೆಲೆಸಿದವರು. "ಖಾಲಿ ಬಿದ್ದೈತಿ, ತಗೋರಿ ಮಾಸ್ಟರು. ನೀರು ಬಂದ ದಿನ ನಂಗೆ ವಾಪಸ್ ಕೊಡ್ರಿ" ಎಂದರು. ಎರಡು ಎಕರೆ. ಭತ್ತದ ಕೂಳೆ ಕಾಲಿಗೆ ಚುಚ್ಚುತ್ತದೆಂದು ಹುಡುಗಿಯರೇ ಕುಡುಗೋಲು ತಂದು ಬುಡಕ್ಕೆ ಕೊಯ್ದರು.

ಅಂಬಪ್ಪನನ್ನು ಒಪ್ಪಿಸಲು ಗಿರಣಿಗೇ ಹೋಗಿದ್ದೆ. ಮೂಟೆ ಇಳಿಸಿ ಬಂದು, ನನಗೆ ಕಾಣುವಂತೆ ಎದುರಿಗೆ ನಿಂತು ಕೇಳಿದ.

"ಕಬಡ್ಡಿ ಆಡಾಕತ್ತಾಳ, ಅದು ನೌಕರಿಗೆ ಬರತೈತಿ ಅಂತ ಎಲ್ಲಾರೂ ಹೇಳ್ತಾರ. ಇದು ಬರತೈತೇನ್ರಿ?"

"ದೇಶದ ಅಂಗಿ ಹಾಕ್ಕೊಂಡು ಪರದೇಶದಾಗ ಆಡಿ ಬಂದಾಕಿಗೆ ಯಾರು ಇಲ್ಲ ಅಂತಾರ ಅಂಬಪ್ಪ?"

"ನಿಮ್ಮ ಭರೋಸದ ಮ್ಯಾಲೆ ಬಿಟ್ಟೀನ್ರಿ" ಎಂದ.

ಹುಡುಗಿಯರು ಈಗ ಬೆಳಿಗ್ಗೆ ಆರಕ್ಕೇ ಗದ್ದೆಯಲ್ಲಿರುತ್ತಾರೆ. ಕೇಳದ ನಾನು ಸೀಟಿಯ ಬದಲು ಕೆಂಪು ವಸ್ತ್ರ ಬೀಸುತ್ತೇನೆ. ಹುಸೇನಮ್ಮ ಚೆಂಡು ಕೊಡುವುದನ್ನೂ ಕಲಿತಿದ್ದಾಳೆ.

ನಿನ್ನ ಸರ್


ಹಲ್
25 ಜನವರಿ 2024

ಸರ್,

ಕಾಗದ ತಡವಾಯಿತು, ಕ್ಷಮಿಸಿ. ವಾರ್ಡಿನಲ್ಲಿ ಜ್ವರದ ರೋಗಿಗಳು ತುಂಬಿದ್ದಾರೆ. ಹೊರಗೆ ನಾಲ್ಕಕ್ಕೇ ಕತ್ತಲು. ಡೊರೀನ್‌ಗೆ ಕೆಮ್ಮು. ಭೂಪಟದ ಮಸ್ಕಿಯ ಸೂಜಿ ಅಲ್ಲೇ ಇದೆ.

ನಿಮ್ಮ ಗದ್ದೆಯ ವರ್ಣನೆಯನ್ನು ಮತ್ತೆ ಮತ್ತೆ ಓದಿದೆ. ಹುಡುಗಿಯರು ಕುಡುಗೋಲು ಹಿಡಿದು ಮೈದಾನ ಮಾಡಿದ್ದು ಕಣ್ಣಿಗೆ ಕಟ್ಟಿತು. ಅವರಿಗೆಲ್ಲ ನನ್ನ ಶುಭಾಶಯಗಳನ್ನು ತಿಳಿಸಿ.

ಒಂದು ಮಾತು. ಅವರು ಕಬಡ್ಡಿಯನ್ನು ಬಿಡದಿರಲಿ ಸರ್. ಎರಡೂ ಇರಲಿ. ಈ ಆಟದಲ್ಲಿ ಎಲ್ಲವೂ ನಿಧಾನ. ಇಲ್ಲಿಯವರೇ ನೂರು ವರ್ಷದಿಂದ ನಾಲ್ಕು ಊರು ದಾಟಿಸಲು ಹೆಣಗುತ್ತಿದ್ದಾರೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇಲಾಖೆಯಲ್ಲಿ ವಿಚಾರಿಸಿದ್ದೀರಿ ಎಂದುಕೊಂಡಿದ್ದೇನೆ.

ಶೈಲಜಾ


ಮಸ್ಕಿ
20 ಫೆಬ್ರವರಿ 2024

ಚಿ. ಶೈಲಜಾ,

ನಿನ್ನ ಕಾಗದ ನಿನ್ನೆ ಬಂತು. ಬೇಸರವಾಯಿತು, ಮುಚ್ಚಿಡುವುದಿಲ್ಲ. ಇಷ್ಟು ದೂರ ಬಂದ ಮೇಲೆ "ಎರಡೂ ಇರಲಿ" ಎನ್ನುತ್ತೀಯಲ್ಲ. ಎಡಮೂಲೆ ಹಿಡಿಯುವಾಗಲೂ ನೀನು ಹೀಗೆಯೇ. ರೈಡರ್ ಒಳಗೆ ಬಂದರೂ ಹಾರಲೋ ಬೇಡವೋ ಎಂದು ಅರ್ಧ ಕ್ಷಣ ನಿಲ್ಲುತ್ತಿದ್ದೆ. ನಮ್ಮ ಹುಡುಗಿಯರ ಮೇಲೆ ನಿನಗೆ ನಂಬಿಕೆ ಇಲ್ಲವೆಂದು ತೋರುತ್ತದೆ. ಬಂದು ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ನಿನ್ನೆ ಒಂದು ದೊಡ್ಡ ತೀರ್ಮಾನವೂ ಆಯಿತು. ಹುಸೇನಮ್ಮ ಕಬಡ್ಡಿಯ ಜೂನಿಯರ್ ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆಯಾಗಿದ್ದಳು. ನಾಡಿದ್ದು, ಇಪ್ಪತ್ತೆರಡರಿಂದ ಶುರು. ಇಪ್ಪತ್ತೈದು ದಿನ. ಅದಕ್ಕೆ ಹೋದರೆ ನಮ್ಮ ತಂಡ ಮುರಿಯುತ್ತದೆ. ಅವಳಿಲ್ಲದೆ ಉಳಿದವರು ಪದೇ ಪದೇ ಎಡವುತ್ತಾರೆ. ನಿನ್ನೆ ಸಂಜೆ ಅವಳು ಬಂದು ನನ್ನೆದುರು ಕುಳಿತಳು.

"ಹೋಗ್ಲೋ ಬ್ಯಾಡೋ ಸರ? ನೀವು ಹೆಂಗಂತೀರಿ ಹಂಗ."

"ಕಬಡ್ಡಿ ಆಡೋರು ಸಾವಿರ ಮಂದಿ ಅದಾರ. ಇದನ್ನ ಆಡೋರು ಈ ಸೀಮಿಗೇ ನೀವಷ್ಟ. ಹೋಗಬ್ಯಾಡ" ಎಂದೆ.

 ನೆಲ ನೋಡುತ್ತಾ ಏನೋ ಹೇಳಿದಳು, ತಲೆ ತಗ್ಗಿಸಿದ್ದರಿಂದ ನನಗೆ ತಿಳಿಯಲಿಲ್ಲ. ಒಪ್ಪಿದಳೆಂದುಕೊಂಡೆ. ಬರಲಾಗುವುದಿಲ್ಲ ಎಂಬ ಪತ್ರವನ್ನು ನಾನೇ ಬರೆದುಕೊಟ್ಟೆ, ಸಹಿ ಮಾಡಿದಳು. ಇವತ್ತು ಬೆಳಿಗ್ಗೆ ಕಳಿಸಿಯಾಯಿತು.

ಡೊರೀನ್‌ಗೆ ಹೇಳು, ತಂಡ ಸಿದ್ಧವಿದೆ. ಪಾಸ್‌ಪೋರ್ಟಿಗೆ ಯಾವ ಕಾಗದಗಳು ಬೇಕು, ತಿಳಿಸು.

ಹನುಮಂತರಾಯ


ಹಲ್
7 ಮಾರ್ಚ್ 2024

ಸರ್,

ಪಂದ್ಯಾವಳಿ ಇಲ್ಲ. ಜನವರಿ ಹತ್ತೊಂಬತ್ತರಂದೇ ರದ್ದಾಯಿತು.

ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಇಲ್ಲದಿದ್ದರೆ ಮತ್ತೆ ಬರೆಯದೆ ಉಳಿಯುತ್ತೇನೆ. ಆವತ್ತು ಡೊರೀನ್ ವಾರ್ಡಿಗೇ ಬಂದು ಹೇಳಿದಳು. ಎರಡು ದೇಶಗಳು ಹಿಂದೆ ಸರಿದವು, ನೆರವು ಕೊಡುತ್ತೇವೆ ಎಂದವರು ಕೈಬಿಟ್ಟರು. "ನಿಮ್ಮ ಸರ್‌ಗೆ ನೀನೇ ತಿಳಿಸು, ಬೇಗ ತಿಳಿಸು" ಎಂದಳು. ಅದೇ ವಾರ ನಿಮ್ಮ ಡಿಸೆಂಬರಿನ ಕಾಗದ ಬಂತು. ಕೂಳೆ ಕೊಯ್ದ ಹುಡುಗಿಯರು. ಬರೆಯಲು ಕೂತು ಹರಿದು ಹಾಕಿದೆ. ಬೇರೆ ಊರು ಸಿಗಬಹುದು, ಆಗ ಎರಡನ್ನೂ ಒಟ್ಟಿಗೇ ಹೇಳೋಣ ಎಂದುಕೊಂಡೆ. ಕಡೆಗೆ ಆ ಹವಾಮಾನದ ಕಾಗದ ಬರೆದು ಕಳಿಸಿದೆ. ಕಬಡ್ಡಿ ಬಿಡದಿರಲಿ ಎಂದು ಒಂದು ಸಾಲು ಸೇರಿಸಿದರೆ ನನ್ನ ಜವಾಬ್ದಾರಿ ಮುಗಿಯಿತು ಎನ್ನಿಸಿತ್ತು.

ನಿಮ್ಮ ಕಾಗದ ನಿನ್ನೆ ಕೈಗೆ ಬಂತು. ಇಪ್ಪತ್ತೆರಡನೇ ತಾರೀಕು ಎಂಬಲ್ಲಿ ಓದು ನಿಂತಿತು.

ಅಂಚೆ ತಡ ಎಂದು ಹೇಳುವಂತೆಯೂ ಇಲ್ಲ ಸರ್. ಅಪ್ಪನಿಗೆ ಒಂದು ಫೋನ್ ಮಾಡಿದ್ದರೆ ಅವರು ಅಂಗಡಿ ಬಾಗಿಲು ಹಾಕಿ ಮಸ್ಕಿಯ ಬಸ್ಸು ಹತ್ತುತ್ತಿದ್ದರು. ಒಂದು ಗಂಟೆಯ ದಾರಿಯೂ ಅಲ್ಲ. ತಿಂಗಳ ಮೇಲೆ ನಾನು ಆ ಫೋನ್ ಮಾಡಲಿಲ್ಲ. ನೀವು ಬರೆದದ್ದು ನಿಜ. ನಾನು ನಿಂತೇ ಬಿಟ್ಟೆ.

ಇನ್ನೂ ದಿನವಿದ್ದರೆ ಅವಳನ್ನು ಶಿಬಿರಕ್ಕೆ ಕಳಿಸಿ. ಈ ಕಾಗದದ ಫೋಟೋ ತೆಗೆದು ಅಪ್ಪನಿಗೆ ಇವತ್ತೇ ಕಳಿಸುತ್ತಿದ್ದೇನೆ, ಅವರು ನಿಮಗೆ ತಂದು ತೋರಿಸುತ್ತಾರೆ.

ಶೈಲಜಾ


ಹಲ್
2 ಮೇ 2024

ಸರ್,

ಅಪ್ಪ ಆವತ್ತೇ ನಿಮ್ಮ ಮನೆಗೆ ಬಂದಿದ್ದರು, ನೀವು ಓದಿ ಫೋನನ್ನು ಅವರ ಕೈಗೆ ಕೊಟ್ಟು ಹೊರಗೆ ಹೋದಿರಿ ಎಂದು ಹೇಳಿದರು. ಎರಡು ತಿಂಗಳಾಗುತ್ತಾ ಬಂತು, ನಿಮ್ಮಿಂದ ಒಂದು ಸಾಲೂ ಇಲ್ಲ. ಬೈದಾದರೂ ಬರೆಯಿರಿ.

ಡೊರೀನ್ ಸಮಿತಿ ಮುಚ್ಚಿದಳು. ಇನ್ನಿಬ್ಬರಿಗೂ ವಯಸ್ಸಾಗಿದೆ. ಕಪಾಟಿನ ಅಂಗಿಗಳನ್ನು ಚರ್ಚಿಗೆ ಕೊಟ್ಟಳು. "ನಲವತ್ತು ವರ್ಷ ಚೆಂಡು ಕಳಿಸಿದೆ. ಅದು ಹೋದ ಕಡೆಯೆಲ್ಲ ಯಾರೋ ಒಬ್ಬ ಹುಡುಗಿ ಕಾಯುತ್ತಾ ನಿಂತಿರುತ್ತಾಳೆ ಎಂದು ಈಗ ಅನ್ನಿಸುತ್ತದೆ" ಎಂದಳು. ಅವಳಿಗೆ ನಾನು ಹುಸೇನಮ್ಮನ ವಿಷಯ ಹೇಳಿಲ್ಲ.

ಶೈಲಜಾ


ಮಸ್ಕಿ
18 ಜೂನ್ 2024

ಶೈಲಜಾ,

ಬೈಯಲು ನನಗೆ ಬಾಯಿಲ್ಲ. ಅದನ್ನು ನಿನಗೆ ಹೇಳಲು ಮೂರು ತಿಂಗಳು ಬೇಕಾಯಿತು.

ಇಲಾಖೆಯಲ್ಲಿ ವಿಚಾರಿಸು ಎಂದು ನೀನು ಎರಡು ಸಲ ಬರೆದಿದ್ದೆ. ನಾನು ವಿಚಾರಿಸಿರಲಿಲ್ಲ. ಮರೆತದ್ದಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಹೋಗಲಿಲ್ಲ. ಆಹ್ವಾನಿತ ತಂಡ ಎಂದು ನೀನು ಸ್ಪಷ್ಟವಾಗಿ ಬರೆದದ್ದನ್ನು ನಾನು ದೇಶದ ತಂಡ ಎಂದು ಹೇಳಿಕೊಂಡು ತಿರುಗಿದೆ. ಎರಡು ವರ್ಷ ಮನೆಯಲ್ಲಿ ಕಿವುಡನಾಗಿ ಕೂತವನಿಗೆ ಹನ್ನೆರಡು ಹುಡುಗಿಯರು ಬೆಳಿಗ್ಗೆ ಎದ್ದು ಕಾಯುತ್ತಾರೆಂಬುದು ದೊಡ್ಡ ಆಸರೆ, ತಾಯಿ. ಅದನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ.

ನಿನ್ನ ಅಪ್ಪ ಬಂದ ಮರುದಿನ ಹುಸೇನಮ್ಮನನ್ನು ಕರೆದುಕೊಂಡು ಶಿಬಿರಕ್ಕೇ ಹೋದೆ. ಅವಳ ಜಾಗಕ್ಕೆ ಬೇರೆ ಹುಡುಗಿ ಬಂದು ವಾರ ಕಳೆದಿತ್ತು. ಕೋಚ್ ಒಳ್ಳೆಯ ಮನುಷ್ಯ, ಕಾಗದದ ಮೇಲೆ ಬರೆದು ತೋರಿಸಿದ: ಜೂನಿಯರ್‌ಗೆ ಇದೇ ಇವಳ ಕೊನೆಯ ವರ್ಷ, ಮುಂದೆ ವಯಸ್ಸು ಮೀರುತ್ತದೆ. ಅವಳೂ ಬಗ್ಗಿ ಓದಿದಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಾತಾಡಿದ್ದರೂ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಆ ಕಡೆ ತಿರುಗಿದ್ದಳೇನೋ.

ಆಮೇಲೆ ಇಲಾಖೆಗೂ ಹೋದೆ. ಗುಮಾಸ್ತ ಪಟ್ಟಿ ತೆಗೆದು ಬೆರಳಿಟ್ಟು ತೋರಿಸಿದ. "ರಗ್ಬಿ ಐತ್ರಿ, ಇಲ್ಲಿ ನೋಡ್ರಿ. ನಿಮ್ಮದು ಇದ್ಯಾವ್ದು ಮತ್ತೊಂದು?" ಇದು ಬೇರೆ, ಹದಿಮೂರು ಮಂದಿಯದು ಎಂದೆ. ಅವನು ಪಟ್ಟಿ ಮಡಚಿದ. ಐದು ನಿಮಿಷದ ಕೆಲಸ. ಡಿಸೆಂಬರಿನಲ್ಲೂ ಐದೇ ನಿಮಿಷ ಹಿಡಿಯುತ್ತಿತ್ತು.

ಹುಡುಗಿಯರನ್ನೆಲ್ಲ ಗದ್ದೆಯಲ್ಲಿ ಕೂರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಒಬ್ಬಳೂ ಅಳಲಿಲ್ಲ. ಎದ್ದು ಹೋದರು. ಮರುದಿನ ಇಬ್ಬರು ಮನೆಗೆ ಬಂದು, ತೊಳೆದ ಚೆಂಡನ್ನು ಕಲ್ಯಾಣಮ್ಮನ ಕೈಗೆ ಕೊಟ್ಟು ಹೋದರು.

ನೀನು ಒಬ್ಬಳೇ ಹೊರಬೇಡ. ನೀನು ಮೌನವಾಗಿದ್ದೆ. ನಾನು ಸುಳ್ಳು ಹೇಳಿದೆ.

ಹನುಮಂತರಾಯ


ಹಲ್
9 ಜುಲೈ 2024

ಸರ್,

ನಿಮ್ಮ ಕಾಗದದ ಕೊನೆಯ ಎರಡು ವಾಕ್ಯಗಳನ್ನು ನಾನು ಒಪ್ಪುವುದಿಲ್ಲ. ಮೌನವೂ ಅದೇ ಕೆಲಸ ಮಾಡಿತು. ನಿಮ್ಮೊಡನೆ ವಾದ ಮಾಡುವುದಿಲ್ಲ.

ಹುಸೇನಮ್ಮನಿಗೆ ನಾನೇ ಬರೆಯಬೇಕೆಂದಿದ್ದೇನೆ. ಏನು ಬರೆಯಲಿ? ಸೀನಿಯರ್ ಕಬಡ್ಡಿ ಇದೆ, ಬೇರೆ ಪರೀಕ್ಷೆಗಳಿವೆ ಎಂದು ಬರೆದರೆ ಇಲ್ಲಿ ಕೂತು ಉಪದೇಶ ಹೇಳಿದಂತಾಗುತ್ತದೆ. ಒಮ್ಮೆ ಅವಳನ್ನು ನೋಡಿಬನ್ನಿ. ಅವಳಿಗೆ ಏನು ಬೇಕು ಎಂದು ಕೇಳಿ. ಈ ಸಲ ಅವಳು ಹೇಳಿದ್ದನ್ನು ಹೇಳಿದಂತೆ ನನಗೆ ಬರೆಯಿರಿ.

ಶೈಲಜಾ


ಮಸ್ಕಿ
25 ಆಗಸ್ಟ್ 2024

ಚಿ. ಶೈಲಜಾ,

ನೋಡಿ ಬಂದೆ. ಹೇಳಿದಂತೆ ಬರೆಯುತ್ತೇನೆ.

ಈ ವರ್ಷ ಕಾಲುವೆ ತುಂಬಿದೆ. ಗೋಪಣ್ಣನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರು, ನಾಟಿ ನಡೆದಿದೆ. ಅಂಬಪ್ಪನ ಮನೆಯಲ್ಲಿ ಯಾರೂ ಇರಲಿಲ್ಲ. ಹುಡುಗಿ ಗೋಪಣ್ಣನ ಗದ್ದೆಯಲ್ಲೇ ಇದ್ದಾಳೆ ಎಂದು ಪಕ್ಕದವರು ಕೈ ತೋರಿಸಿದರು. ಬದುವಿನ ಮೇಲೆ ನಿಂತೆ. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ಊರುತ್ತಿದ್ದರು. ತಂಡದ ಮೂವರು ಅಲ್ಲಿದ್ದರು. ಒಬ್ಬಳು ನಕ್ಕಳು. ಹುಸೇನಮ್ಮ ನನ್ನನ್ನು ನೋಡಿದಳು, ಹಿಡಿದ ಸಸಿಯಷ್ಟನ್ನೂ ಊರಿ ಮುಗಿಸಿ, ಆಮೇಲೆ ಬದುವಿನ ಹತ್ತಿರ ಬಂದಳು. ಮೇಲೆ ಹತ್ತಲಿಲ್ಲ. ಕೆಸರಿನಲ್ಲೇ ನಿಂತಳು.

"ತಪ್ಪಾತವ್ವ" ಎಂದೆ. ನಾನು ಇಲಾಖೆಗೆ ಹೋಗಿರಲೇ ಇಲ್ಲ ಎಂಬುದನ್ನು ಅವಳ ಮುಖ ನೋಡಿಯೇ ಹೇಳಿದೆ. ನಿನ್ನ ವಿಷಯವನ್ನೂ ಹೇಳಿದೆ, ನಿನಗೆ ಜನವರಿಯಲ್ಲೇ ತಿಳಿದಿತ್ತು ಎಂದು. ನೀನು ಬೇಸರಪಡುವುದಿಲ್ಲ ಎಂದು ಗೊತ್ತು.

ಅವಳು ಏನೋ ಹೇಳಿದಳು. ಬಿಸಿಲು ನೀರಿನ ಮೇಲೆ ಬಿದ್ದು ನನ್ನ ಕಣ್ಣಿಗೆ ಹೊಡೆಯುತ್ತಿತ್ತು, ತುಟಿ ಕಾಣಲಿಲ್ಲ. ಕೈಯನ್ನು ಕಿವಿಯ ಹತ್ತಿರ ಹಿಡಿದೆ. ಆಗ ಅವಳು ತುಟಿ ಕಾಣುವಂತೆ ಎರಡು ಹೆಜ್ಜೆ ಈಚೆಗೆ ಬಂದು ಗಟ್ಟಿಯಾಗಿ ಹೇಳಿದಳು. ಸಾಲಿನ ಹೆಂಗಸರೆಲ್ಲ ತಲೆ ಎತ್ತಿದರು.

"ಆಟದ ಮ್ಯಾಲೆ ನನಗ ಸಿಟ್ಟಿಲ್ರಿ ಸರ. ಆಟ ಏನು ಮಾಡೀತು? ಆ ಅಕ್ಕ ಎಲ್ಲೋ ಅದಾಳ, ಆಕಿ ನನಗ ಗೊತ್ತಿಲ್ಲ. ಸಿಟ್ಟು ನಿಮ್ಮ ಮ್ಯಾಲೆ ಐತಿ. ಅವತ್ತು ನಾ ನಿಮ್ಮನ್ನ ಕೇಳಿದ್ದೆ. ನನಗ ಗೊತ್ತಿಲ್ಲವ್ವ ಅಂತ ನೀವು ಒಂದು ಮಾತು ಅಂದಿದ್ರ, ನಾನ ಕುಂತು ವಿಚಾರ ಮಾಡ್ತಿದ್ದೆ. ಹೋಗ್ತಿದ್ನೋ ಬಿಡ್ತಿದ್ನೋ, ಅದು ನಂದಾಗ್ತಿತ್ತು."

ನಾನು ತಲೆ ಆಡಿಸಿದೆ. ಆಮೇಲೆ ಬಾಯಿ ಬಿಟ್ಟು ಹೌದು ಎಂದೆ.

ನಿನಗೆ ಏನು ಬೇಕು, ಆ ಅಕ್ಕ ಕೇಳಿದ್ದಾಳೆ ಎಂದೆ. ಕೈಯ ಕೆಸರನ್ನು ನೀರಿನಲ್ಲಿ ಅದ್ದಿ ತೊಳೆದಳು. ವಳಕಮದಿನ್ನಿಯ ಕಡೆ ಮದುವೆ ಗೊತ್ತಾಗಿದೆಯಂತೆ. ಹುಡುಗ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಕೆಟ್ಟವನಲ್ಲ ಎಂದಳು. ಭತ್ತದ ಕೊಯ್ಲು ಮುಗಿದ ಮೇಲೆ ಲಗ್ನ.

"ಲಗ್ನಕ್ಕ ಬರ್ರಿ ಸರ. ಅಮ್ಮಾರನ್ನೂ ಕರಕೊಂಡು ಬರ್ರಿ. ಉಂಡು ಹೋಗ್ರಿ. ಆದ್ರ ಅವರ ಮಂದಿ ಮುಂದ ಆಟದ ಮಾತು ತೆಗೀಬ್ಯಾಡ್ರಿ. ನಾ ಆಡ್ತಿದ್ದೆ ಅಂತ ಅವ್ರಿಗೆ ಗೊತ್ತಿಲ್ಲ. ಅಪ್ಪ ಹೇಳಿಲ್ಲ."

"ಕಬಡ್ಡೀನೂ?" ಎಂದೆ.

"ಯಾವ್ದೂ" ಎಂದಳು. ಆ ಒಂದು ಮಾತಿಗೆ ಊಹೆ ಬೇಕಾಗಲಿಲ್ಲ, ತುಟಿಯಲ್ಲಿ ಚೆನ್ನಾಗಿ ಕಂಡಿತು.

ಮತ್ತೆ ಸಾಲಿಗೆ ಹೋಗಿ ಬಗ್ಗಿದಳು. ಅವಳು ಈಚೆ ಬಂದಿದ್ದ ಹೊತ್ತಿನಲ್ಲಿ ಉಳಿದವರು ಹಿಂದೆ ಸರಿದಿದ್ದರು, ಅವಳ ಜಾಗದಲ್ಲಿ ಒಂದು ಪಟ್ಟಿಯಷ್ಟು ಖಾಲಿ ಉಳಿದಿತ್ತು. ಅವಳು ಯಾರನ್ನೂ ಕರೆಯದೆ ಜಲ್ದಿ ಜಲ್ದಿ ಊರುತ್ತಾ ಅವರನ್ನು ಮುಟ್ಟಿದಳು. ನಾನು ಅಷ್ಟು ನೋಡಿ ಬಸ್ಸಿಗೆ ಬಂದೆ.

ಲಗ್ನಕ್ಕೆ ಹೋಗುತ್ತೇವೆ. ನೀನು ಅವಳಿಗೆ ಬರೆಯಬೇಕೆಂದಿದ್ದೆಯಲ್ಲ, ಬರೆ. ಲಿಂಗಸುಗೂರಿನ ಶಿವಕಾಂತರ ಮಗಳು, ಹನುಮಂತರಾಯರ ಶಿಷ್ಯೆ ಎಂದಷ್ಟೇ ಬರೆದು ಶುಭ ಹಾರೈಸು. ಬೇರೆ ಏನೂ ಬರೆಯಬೇಡ. ಆ ಮನೆಯಲ್ಲಿ ಕಾಗದವನ್ನು ಮೊದಲು ಯಾರು ಓದುತ್ತಾರೋ ನಮಗೆ ಗೊತ್ತಿಲ್ಲ.

ನಿನ್ನ ಸರ್,
ಹನುಮಂತರಾಯ